ನೀಲಿ ನಿಂಬೆಯ ಕೊನೆಯ ಸ್ವರ

ಬೌದೇಲಿಯೊ ಒಂತಿವೆರೋಸ್‌ನ ಗಂಟಲು ಕಟ್ಟಿದ್ದು ಒಂದು ಲೋಟ ಐಸಿನಿಂದ. ಹಿಂದಿನ ಸಂಜೆ ಪೋರ್ತಾಲೆಸ್ ಮಾರುಕಟ್ಟೆಯ ಮೂಲೆಯಲ್ಲಿ, ಹೆರೆದ ಐಸಿನ ಮೇಲೆ ಹುಣಸೆರಸ ಸುರಿದು ಕೊಡುವ ಗಾಡಿಯ ಮುಂದೆ ನಿಂತು, ನಾಳೆ ದೊಡ್ಡ ದಿನ, ಇವತ್ತು ಹೊಟ್ಟೆ ತಂಪಾಗಿರಲಿ ಅಂದುಕೊಂಡಿದ್ದ. ಬೆಳಿಗ್ಗೆ ಎದ್ದು ಕಾಫಿಗೆಂದು ಹೆಂಡತಿಯನ್ನು ಕೂಗಿದರೆ, ಸೈಕಲ್ ಟ್ಯೂಬಿನ ಗಾಳಿ ಬಿಟ್ಟಂಥ ಸದ್ದು ಬಂತು. ಇನ್ನೊಮ್ಮೆ ಕೂಗಿದ. ಅಷ್ಟೂ ಬರಲಿಲ್ಲ.

"ಏನ್ರೀ ಅದು, ಮೀನಿನ ಥರ ಬಾಯಿ ಬಿಡ್ತಾ ನಿಂತಿದ್ದೀರಿ?" ಎಂದಳು ಒಬ್ದೂಲಿಯಾ.

ಬೌದೇಲಿಯೊ ಗಂಟಲು ತೋರಿಸಿದ. ಆಮೇಲೆ ಗೋಡೆಯ ಕ್ಯಾಲೆಂಡರು ತೋರಿಸಿದ. ಆಮೇಲೆ ತಲೆ ಹಿಡಿದುಕೊಂಡು ಮಂಚದ ಮೇಲೆ ಕೂತ.

ಬೇರೆ ದಿನವಾಗಿದ್ದರೆ ವಠಾರದ ಬಾಗಿಲಲ್ಲಿ ಬೀಗದ ಕೈ ಮಾಡಿಕೊಡುವವನಿಗೆ ಗಂಟಲು ಇದ್ದರೆಷ್ಟು, ಬಿಟ್ಟರೆಷ್ಟು? ಆದರೆ ಅಂದು ಸಂಜೆ ಐದಕ್ಕೆ, ಮೆಕ್ಸಿಕೋ ದೇಶವೆಲ್ಲ ನೋಡುವ ಟೀವಿ ಕಾರ್ಯಕ್ರಮದಲ್ಲಿ, 'ನೀಲಿ ನಿಂಬೆ' ತಂಡ ಇಪ್ಪತ್ತೆಂಟು ವರ್ಷಗಳ ಮೇಲೆ ಮತ್ತೆ ಒಟ್ಟಿಗೆ ನಿಲ್ಲುವುದಿತ್ತು.

ನಿಂಬೆ ಯಾಕೆ ನೀಲಿ ಎಂದು ಆ ಕಾಲದಲ್ಲಿ ಯಾರೂ ಕೇಳಲಿಲ್ಲ. ಎಂಬತ್ತೇಳನೇ ಇಸವಿಯಲ್ಲಿ ನಾಲ್ವರು ಹುಡುಗರು ಬಿಳಿ ಪ್ಯಾಂಟು ತೊಟ್ಟು, ಭುಜಕ್ಕೆ ದಿಂಬು ತುರುಕಿದ ನೀಲಿ ಕೋಟು ಹಾಕಿಕೊಂಡು ಕುಣಿಯುತ್ತಿದ್ದರೆ ಹುಡುಗಿಯರಿಗೆ ಕೇಳಲು ಬೇರೆ ಪ್ರಶ್ನೆಗಳಿದ್ದವು. ನಾಲ್ಕು ವರ್ಷ, ಮೂರು ರೆಕಾರ್ಡು, ತಿಹುವಾನಾದಿಂದ ಮೆರಿದಾದವರೆಗೆ ಊರೂರು. ಮೊಂತೆರ್ರೈಯಲ್ಲಿ ಅಭಿಮಾನಿಗಳು ಅವರ ಬಸ್ಸಿನ ಎರಡೂ ಕನ್ನಡಿಗಳನ್ನು ನೆನಪಿಗೆಂದು ಕಿತ್ತುಕೊಂಡು ಹೋಗಿ, ಡ್ರೈವರು ಮುಂದಿನ ಊರಿನವರೆಗೆ ಕತ್ತು ಹೊರಗೆ ಹಾಕಿಯೇ ಬಸ್ಸು ಓಡಿಸಿದ್ದ.

ತಂಡಕ್ಕೆ ಈ ಹುಚ್ಚು ತಂದುಕೊಟ್ಟದ್ದು 'ಮಂಗಳವಾರ ಫೋನು ಮಾಡು' ಎಂಬ ಹಾಡು. ಆ ಹಾಡಿಗೆ ಹುಚ್ಚು ತಂದುಕೊಟ್ಟದ್ದು ಅದರ ಕೊನೆಯ ಸ್ವರ. ಏಳು ಸೆಕೆಂಡು ಮೇಲಕ್ಕೇರಿ ಅಲ್ಲೇ ನಿಲ್ಲುವ, ಕೇಳಿದವರ ಮೈ ಜುಮ್ಮೆನ್ನಿಸುವ ಒಂದು ಸ್ವರ. ಅದು ಬೌದೇಲಿಯೊನ ಗಂಟಲಿನದು. ಆದರೆ ಅವನು ನಿಲ್ಲುತ್ತಿದ್ದುದು ಎಡತುದಿಯಲ್ಲಿ, ಕೀಬೋರ್ಡಿನ ಹಿಂದೆ. ನಡುವೆ ನಿಲ್ಲುತ್ತಿದ್ದವನು ಉಲೀಸೆಸ್, ಗಲ್ಲದಲ್ಲಿ ಗುಳಿ ಇದ್ದವನು. ಸ್ವರ ಏರುವ ಹೊತ್ತಿಗೆ ಕ್ಯಾಮೆರಾ ಸರಿಯಾಗಿ ಉಲೀಸೆಸ್‌ನ ಮುಖಕ್ಕೆ ಹೋಗುತ್ತಿತ್ತು. ಅವನು ಸರಿಯಾಗಿ ಆಗಲೇ ಬಾಯಿ ತೆರೆಯುತ್ತಿದ್ದ. ದೇಶವೆಲ್ಲ ಆ ಸ್ವರ ಅವನದೆಂದೇ ನಂಬಿತು. ತೊಂಬತ್ತೊಂದರಲ್ಲಿ ಗ್ವಾದಲಹಾರಾದ ವೇದಿಕೆಯ ಮೇಲೆ ಹಾಡು ತುದಿಗೆ ಬಂದಾಗ ಬೌದೇಲಿಯೊ ಬಾಯಿ ಬಿಗಿದು ನಿಂತುಬಿಟ್ಟ. ಉಲೀಸೆಸ್‌ನ ಬಾಯಿ ತೆರೆದಿತ್ತು, ಸ್ವರ ಇರಲಿಲ್ಲ. ಮೈಕು ಕೆಟ್ಟಿದೆ ಎಂದು ಜನ ಮೈಕಿನವನಿಗೆ ಹೊಡೆದರು. ತಂಡ ಅಂದೇ ಒಡೆಯಿತು.

ಅಂದಿನಿಂದ ಬೌದೇಲಿಯೊ ಯಾರ ಎದುರೂ ಹಾಡಿರಲಿಲ್ಲ. ಕೈ ಹಿಡಿದವಳ ಎದುರೂ ಇಲ್ಲ. ಅಂಗಡಿಯಲ್ಲಿ ಬೀಗದ ಕೈ ಉಜ್ಜುವ ಯಂತ್ರ ಕಿರುಚುವಾಗ ಮಾತ್ರ, ಅದರ ಕಿರುಚಾಟದ ಮರೆಯಲ್ಲಿ, ಆ ಸ್ವರವನ್ನು ದಿನಕ್ಕೊಮ್ಮೆ ಮುಟ್ಟಿ ಬರುತ್ತಿದ್ದ. ಈಗ ಟೀವಿಯವರು ಕರೆದಾಗ ಅವನು ಇಟ್ಟ ಷರತ್ತು ಒಂದೇ: ಹಾಡೆಲ್ಲ ಟೇಪಿನಲ್ಲಿ ಬರಲಿ, ಕೊನೆಯ ಸ್ವರವನ್ನು ತಾನು ಖುದ್ದಾಗಿ ಹಾಡಬೇಕು, ಕ್ಯಾಮೆರಾ ತನ್ನ ಮುಖದ ಮೇಲೇ ಇರಬೇಕು. ಅವರು ಒಪ್ಪಿದ್ದರು. ಒಪ್ಪಿದ ಮೇಲೆ ಈ ಐಸು!

ಒಬ್ದೂಲಿಯಾ ಅಂಗಳಕ್ಕೆ ಹೋಗಿ ಒಂದೇ ಒಂದು ಸಲ "ನಮ್ಮನೆಯವರ ಗಂಟಲು ಹೋಯ್ತಲ್ಲಪ್ಪಾ" ಅಂದಳು. ಹದಿನೆಂಟು ಬಾಗಿಲಿನ ವಠಾರಕ್ಕೆ ಅಷ್ಟು ಸಾಕಿತ್ತು. ಮೊದಲು ಒಳನುಗ್ಗಿದವಳು ತಮಾಲೆ ಕಡುಬು ಮಾರುವ ಕ್ರೆಸೆನ್ಸಿಯಮ್ಮ, ಜೋಳದ ಹಿಟ್ಟಿನ ಕೈಯಲ್ಲೇ.

"ಇದು ಗಂಟಲಲ್ಲ ಕಣೇ, ಕಣ್ಣು ಬಿದ್ದಿರೋದು. ಟೀವಿಗೆ ಹೋಗ್ತಾರೆ, ಟೀವಿಗೆ ಹೋಗ್ತಾರೆ ಅಂತ ಊರೆಲ್ಲ ಟಾಂ ಟಾಂ ಹೊಡೆದ್ಯಲ್ಲ! ಒಂದು ಮೊಟ್ಟೆ ತಾ."

ಮೊಟ್ಟೆಯನ್ನು ಬೌದೇಲಿಯೊನ ತಲೆಯಿಂದ ಕಾಲಿನವರೆಗೆ ಉರುಳಿಸಿ, ನೀರಿನ ಲೋಟಕ್ಕೆ ಒಡೆದು, ಬೆಳಕಿಗೆ ಹಿಡಿದಳು. "ನೋಡಿದ್ಯಾ? ಹಳದೀಲಿ ಚುಕ್ಕಿ. ಹೆಂಗಸಿನ ಕಣ್ಣೇ."

"ಯಾವ ಹೆಂಗಸು?" ಒಬ್ದೂಲಿಯಾ ಗಂಡನ ಕಡೆ ತಿರುಗಿದಳು. ಬೌದೇಲಿಯೊ ಎರಡೂ ಕೈ ಅಲ್ಲಾಡಿಸಿದ. "ಕೈ ಯಾಕೆ ನಡುಗ್ತಿದೆ? ಯಾರು ಅಂತ ಬಾಯಲ್ಲಿ ಹೇಳಿ!"

ಅಷ್ಟರಲ್ಲಿ ಮಹಡಿಯಿಂದ ವುಲ್ಫ್ರಾನೊ ಇಳಿದು ಬಂದ. ಕೈಯಲ್ಲಿ ಸ್ಟೀಲಿನ ಡಬ್ಬಿ, ಮುಖದಲ್ಲಿ ಬಹಳ ದಿನಗಳ ಮೇಲೆ ಕೆಲಸ ಸಿಕ್ಕವನ ಕಳೆ. "ಮೊಟ್ಟೇನ ಆಮ್ಲೆಟ್ಟಿಗೆ ಇಟ್ಕೊಳ್ಳಿ ತಾಯಿ. ಇದಕ್ಕೆ ಸೂಜಿ ಒಂದೇ ದಾರಿ. ನಲವತ್ತು ವರ್ಷ ಔಷಧಿ ಅಂಗಡೀಲಿ ಇದ್ದೋನು ನಾನು."

"ಇದ್ದೆ, ಇದ್ದೆ. ನಲವತ್ತು ವರ್ಷ ಶಾಂಪೂ ಮಾರ್ತಾ ಇದ್ದೆ," ಎಂದಳು ಕ್ರೆಸೆನ್ಸಿಯಮ್ಮ.

ಬೇಡ ಎನ್ನಲು ಬೌದೇಲಿಯೊನಿಗೆ ಸ್ವರ ಬೇಕಿತ್ತು. ಅದಿಲ್ಲದ್ದರಿಂದ ಎಲ್ಲರೂ ಅವನನ್ನು ಒಪ್ಪಿದವನೆಂದೇ ತಿಳಿದರು. ಸೂಜಿ ಬಲಗಡೆ ಚುಚ್ಚಿದ್ದಕ್ಕೆ ಎಡಗಾಲು ಯಾಕೆ ಮರಗಟ್ಟಿತು ಎಂಬುದನ್ನು ವುಲ್ಫ್ರಾನೊ ಈವರೆಗೆ ವಿವರಿಸಿಲ್ಲ. ಅದರ ಮೇಲೆ ಬೋಗನ್‌ವಿಲ್ಲಾ ಹೂವಿನ ಕಷಾಯ ಮೂರು ಲೋಟ, ಎದೆಗೆ ಉರಿಯುವ ಮುಲಾಮು, ಕತ್ತಿಗೆ ಸುಟ್ಟ ಈರುಳ್ಳಿ ತುಂಬಿದ ಮಫ್ಲರು. ಬಿಳಿ ಪ್ಯಾಂಟಿನ ಗುಂಡಿ ಹೊಟ್ಟೆಯ ಈ ಕಡೆಯಿಂದ ಆ ಕಡೆಯ ಕಾಜವನ್ನು ದೂರದ ಬಂಧುವಿನ ಹಾಗೆ ನೋಡುತ್ತಿತ್ತು. ಒಬ್ದೂಲಿಯಾ ಪಿನ್ನು ಹಾಕಿದಳು.

ಮೂರು ಗಂಟೆಗೆ ಗಂಡ ಹೆಂಡತಿ ಟ್ಯಾಕ್ಸಿ ಹತ್ತುವಾಗ ಎರಡು ಬೀದಿನಾಯಿಗಳು ಮಫ್ಲರಿನ ವಾಸನೆ ಹಿಡಿದು, ಇದೇನೋ ನಡೆದಾಡುವ ಟಾಕೋ ತಿಂಡಿಗಾಡಿ ಎಂದುಕೊಂಡು, ಸಿಗ್ನಲ್ಲಿನವರೆಗೆ ಹಿಂದೆ ಓಡಿಬಂದವು. ಸಿಗ್ನಲ್ಲಿನಲ್ಲಿ ಟ್ಯಾಕ್ಸಿ ನಲವತ್ತು ನಿಮಿಷ ನಿಂತಿತು. ಮೆರವಣಿಗೆ. ಟ್ಯಾಕ್ಸಿಯವನು ಕಿಟಕಿ ಎಲ್ಲ ಇಳಿಸಿ, ಮೂಗು ಹೊರಗಿಟ್ಟು ಕೂತ. ಬೌದೇಲಿಯೊ ನಿಮಿಷಕ್ಕೊಮ್ಮೆ ಗಡಿಯಾರ ನೋಡುವುದು, ಎಂಜಲು ನುಂಗುವುದು, ಬಾಯಿ ತೆರೆದು ಪರೀಕ್ಷಿಸುವುದು. ಅಷ್ಟು ಹೊತ್ತೂ ಅದೇ. ಏನೂ ಇರಲಿಲ್ಲ. ಒಣಗಿದ ನಲ್ಲಿ.

ಸ್ಟುಡಿಯೋ ಬಾಗಿಲಲ್ಲಿ ಕಾವಲಿನವನು ತಡೆದ.

"ನಮ್ಮನೆಯವರನ್ನ ಬಿಡಪ್ಪ. ಇವರು ನಿಂಬೆ," ಎಂದಳು ಒಬ್ದೂಲಿಯಾ.

ಕಾವಲಿನವನು ಮೂಗರಳಿಸಿದ. "ಈರುಳ್ಳಿ ಥರ ಇದ್ದಾರಲ್ಲಮ್ಮ."

ಬಣ್ಣ ಹಚ್ಚುವ ಕೋಣೆಯಲ್ಲಿ ಉಲೀಸೆಸ್ ಕೂತಿದ್ದ. ತಲೆ ಬೋಳಾಗಿತ್ತು. ಗಲ್ಲದ ಗುಳಿ ಎರಡು ಮೂರು ಗಲ್ಲಗಳ ನಡುವೆ ಎಲ್ಲೋ ಕಳೆದುಹೋಗಿತ್ತು. ಕೆರೇತಾರೊ ಊರಿನಲ್ಲಿ ಕಾರಿನ ಬ್ಯಾಟರಿ ಮಾರುತ್ತಾನೆಂದು ಯಾರೋ ಹೇಳಿದ್ದರು. ಇಪ್ಪತ್ತೆಂಟು ವರ್ಷ ಕನ್ನಡಿಯ ಮುಂದೆ ಬೌದೇಲಿಯೊ ಈ ಮನುಷ್ಯನಿಗೆ ಬೈಗುಳ ಒಪ್ಪ ಮಾಡಿ ಇಟ್ಟುಕೊಂಡಿದ್ದ. ಈಗ ಎದುರಿಗೆ ಸಿಕ್ಕರೆ ಒಂದಕ್ಕೂ ಬಾಯಿಲ್ಲ. ಒಂದು ಚೀಟಿಯಲ್ಲಿ ಬರೆದು ಕೊಟ್ಟ: "ಸ್ವರ ಹೋಗಿದೆ."

ಉಲೀಸೆಸ್ ಎರಡು ಸಲ ಓದಿದ. ನಗುತ್ತಾನೆ ಎಂದು ಬೌದೇಲಿಯೊ ಹಲ್ಲು ಕಚ್ಚಿ ಕಾದ. ಅವನು ನಗಲಿಲ್ಲ.

"ಕೂತ್ಕೋ ಮಾರಾಯ," ಎಂದ. "ಒಂದು ಮಾತು ಹೇಳ್ತೀನಿ, ನೀನು ಮಧ್ಯೆ ಬಾಯಿ ಹಾಕಂಗೂ ಇಲ್ಲ, ಅದೇ ಒಳ್ಳೇದು. ಕ್ಯಾಮೆರಾ ಬಂದಾಗೆಲ್ಲ ನಾನ್ಯಾಕೆ ಬಾಯಿ ತೆರೀತಿದ್ದೆ ಗೊತ್ತಾ? ಮೋಸಕ್ಕಲ್ಲ ಕಣೋ, ಆಸೆಗೆ. ಒಂದಲ್ಲ ಒಂದು ದಿನ ನನ್ನ ಗಂಟ್ಲಿಂದಲೂ ಬಂದುಬಿಡುತ್ತೇನೋ ಅಂತ. ಬರಲಿಲ್ಲ. ಬಚ್ಚಲಲ್ಲೂ ಬರಲಿಲ್ಲ."

ಬೌದೇಲಿಯೊನ ಕಣ್ಣು ಒದ್ದೆಯಾಯಿತು. ಮುಲಾಮು ಕಾರಣವಿರಬಹುದು, ಇಲ್ಲದೆಯೂ ಇರಬಹುದು.

"ಈಗ ಕೇಳು. ಸೌಂಡಿನವನಿಗೆ ನಾನು ಹೇಳ್ತೀನಿ, ಕೊನೇ ಸ್ವರಾನೂ ಟೇಪಲ್ಲೇ ಬಿಡ್ಲಿ. ಟೇಪಲ್ಲಿರೋದು ನಿಂದೇ ಗಂಟಲು ತಾನೇ? ಕಳ್ಳತನ ಎಲ್ಲಿ ಬಂತು? ನೀನು ಬಾಯಿ ತೆರಿ, ಕ್ಯಾಮೆರಾ ನಿನ್ನ ಮೇಲೇ ಇರುತ್ತೆ. ನಾನು ಬೇಕಾದ್ರೆ ಬೆನ್ನು ತಿರುಗಿಸಿ ನಿಲ್ತೀನಿ."

ಇಬ್ಬರೂ ತಬ್ಬಿಕೊಂಡರು. ಉಲೀಸೆಸ್ ಉಸಿರು ಬಿಗಿಹಿಡಿದೇ ತಬ್ಬಿಕೊಂಡ, ಮಫ್ಲರಿನ್ನೂ ಕತ್ತಿನಲ್ಲಿತ್ತು.

ಐದು ಗಂಟೆಗೆ ದೀಪ ಹತ್ತಿತು. ನಿರೂಪಕಿ ಮಿರೇಯಾ ಮೀನಿನ ಪೊರೆಯಂತೆ ಹೊಳೆಯುವ ಉಡುಪಿನಲ್ಲಿ ಬಂದು ಹೆಸರು ಕೂಗಿದಳು. ಐವತ್ತು ದಾಟಿದ ಹೆಂಗಸರು ಹದಿನೈದರ ಹುಡುಗಿಯರಾಗಿ ಚೀರಿದರು. ಹಾಡು ಸುರುವಾಯಿತು. ಮರಗಟ್ಟಿದ ಎಡಗಾಲನ್ನು ಬೌದೇಲಿಯೊ ಎಳೆದೆಳೆದು ಕುಣಿದ. ಅದು ಹೊಸ ಹೆಜ್ಜೆಯೆಂದು ತಿಳಿದು ಉಳಿದಿಬ್ಬರು ನಿಂಬೆಗಳೂ ಕಾಲೆಳೆದರು. ಕೊನೆಯ ಸಾಲು ಬಂತು. ಉಲೀಸೆಸ್ ಮಾತಿಗೆ ತಪ್ಪದೆ ಬೆನ್ನು ತಿರುಗಿಸಿದ. ಕ್ಯಾಮೆರಾ ಎಡಕ್ಕೆ, ಇನ್ನೂ ಎಡಕ್ಕೆ, ಬೌದೇಲಿಯೊನ ಮುಖಕ್ಕೆ ಬಂದು ನಿಂತಿತು. ಅವನು ಬಾಯಿ ತೆರೆದ. ಸ್ವರ ಏರಿತು.

ಒಂದು, ಎರಡು, ಮೂರು... ದೇಶ ನೋಡುತ್ತಿತ್ತು. ಪೋರ್ತಾಲೆಸ್‌ನ ವಠಾರ ನೋಡುತ್ತಿತ್ತು. ಆರು, ಏಳು.

ಎಂಟು.

ಏಳಕ್ಕೆ ನಿಲ್ಲಬೇಕಿದ್ದ ಸ್ವರ ನಿಲ್ಲಲಿಲ್ಲ. ಟೇಪಿನ ಯಂತ್ರ ಅಲ್ಲೇ ಸಿಕ್ಕಿಕೊಂಡಿತ್ತು. ಬೌದೇಲಿಯೊ ಬಾಯಿ ತೆರೆದೇ ಇದ್ದ. ಹನ್ನೆರಡು. ಮುಖ ಕೆಂಪಾಯಿತು. ಇಪ್ಪತ್ತು. ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆಯತೊಡಗಿದರು. ಇಪ್ಪತ್ತೈದಕ್ಕೆ ಪ್ಯಾಂಟಿನ ಪಿನ್ನು ಬಿಟ್ಟಿತು. ಎರಡೂ ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಇನ್ನು ಸಾಯುವುದೊಂದೇ ಬಾಕಿ ಎನ್ನಿಸಿದಾಗ, ಬಾಯಿ ಮುಚ್ಚಿ ಉಸಿರೆಳೆದ. ಕೆಮ್ಮಿದ. ಸೀನಿದ. ಸ್ವರ ಮಾತ್ರ ತನ್ನ ಪಾಡಿಗೆ ಮೇಲೆಯೇ ನಿಂತಿತ್ತು.

ಚಪ್ಪಾಳೆ ನಗುವಾಯಿತು. ಯಾರೋ ತಂತಿ ಕಿತ್ತ ಮೇಲೆ ಸ್ವರ ನಿಂತಿತು.

"ಬಾಯಿ ಮುಚ್ಚಿಕೊಂಡೂ ಹಾಡ್ತೀರಲ್ಲ ಸರ್, ಕಿವೀಲಿ ಹಾಡಿದ್ರಾ?" ಎಂದಳು ಮಿರೇಯಾ.

ಆಗ ಉಲೀಸೆಸ್ ಮೈಕು ಕಿತ್ತುಕೊಂಡ. "ನಗಬೇಡಿ! ಟೇಪಲ್ಲಿರೋದು ಇವನದೇ ಗಂಟಲು. ಇವತ್ತು ಕಟ್ಟಿಕೊಂಡಿದೆ ಅಷ್ಟೆ. ಆ ಸ್ವರ ಯಾವತ್ತೂ ನನ್ನದಾಗಿರಲಿಲ್ಲ. ನಾನು ಬರೀ ಬಾಯಿ ಆಡಿಸ್ತಿದ್ದೆ. ನಮ್ಮಮ್ಮನಾಣೆ!"

ಮಿರೇಯಾಳ ಗಲ್ಲದ ಮೇಲೆ ಕಣ್ಣೀರು ಇಳಿಯಿತು.

"ನೋಡಿದ್ರಾ ಬಂಧುಗಳೇ?" ಎಂದಳು ಗದ್ಗದಳಾಗಿ. "ಗೆಳೆಯನ ಮಾನ ಉಳಿಸೋದಕ್ಕೆ ಈ ಮಹಾನುಭಾವ ತನ್ನ ಸ್ವರವನ್ನೇ ದಾನ ಮಾಡ್ತಿದ್ದಾರೆ!"

ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಉಲೀಸೆಸ್ ಇನ್ನೊಂದು ಆಣೆ ಹಾಕಿದ, ಚಪ್ಪಾಳೆ ಇಮ್ಮಡಿಸಿತು. ಮಕ್ಕಳ ಮೇಲೆ ಆಣೆ ಹಾಕಿದ. ಮುಂದಿನ ಸಾಲಿನ ಮುದುಕಿಯೊಬ್ಬಳು ವೇದಿಕೆ ಹತ್ತಿ ಅವನ ಕೈಗೆ ಮುತ್ತಿಟ್ಟಳು. ಬೌದೇಲಿಯೊ ಒಂದು ಕೈಯಲ್ಲಿ ಪ್ಯಾಂಟು ಹಿಡಿದು, ಇನ್ನೊಂದರಿಂದ ಎದೆ ಬಡಿದುಕೊಂಡು, ನಾನೇ, ನಾನೇ ಎಂದು ಸನ್ನೆ ಮಾಡಿದ.

"ಪಾಪ, ತಪ್ಪು ಒಪ್ಕೋತಿದ್ದಾನೆ," ಎಂದರು ಜನ. "ಅಷ್ಟಾದರೂ ಮರ್ಯಾದೆ ಇದೆ."

ವಾಪಸು ಬಂದದ್ದು ಮೆಟ್ರೋದಲ್ಲಿ. ಎರಡು ನಿಲ್ದಾಣ ಇರುವಾಗ ಒಬ್ದೂಲಿಯಾ ಮೆಲ್ಲಗೆ ಕೇಳಿದಳು: "ನನ್ನ ಹತ್ರ ಆದ್ರೂ ನಿಜ ಹೇಳಿ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ. ನೀವೇ ಹಾಡಿದ್ದಾ?"

ಅವನು ಹೌದೆಂದು ತಲೆಯಾಡಿಸಿದ. ಅವಳು ಅವನ ಮೊಣಕೈ ತಟ್ಟಿದಳು, ಜ್ವರದ ಮಗುವನ್ನು ತಟ್ಟುವ ಹಾಗೆ. ಅವನಿಗೆ ಟೀವಿಯವರ ನಗುವಿಗಿಂತ ಆ ತಟ್ಟುವಿಕೆಯಿಂದ ಹೆಚ್ಚು ನೋವಾಯಿತು.

ವಠಾರದಲ್ಲಿ ಹೊತ್ತಿನ್ನೂ ಪೂರ್ತಿ ಮುಳುಗಿರಲಿಲ್ಲ. ಬಾಗಿಲಲ್ಲೇ ಇಬ್ಬರು ವೈದ್ಯರೂ ಕಾದಿದ್ದರು.

"ನಾನಂದೆ, ಇನ್ನೊಂದು ಸೂಜಿ ಬೇಕಿತ್ತು ಅಂತ," ಎಂದ ವುಲ್ಫ್ರಾನೊ.

"ಸುಮ್ನಿರಯ್ಯ," ಎಂದಳು ಕ್ರೆಸೆನ್ಸಿಯಮ್ಮ. "ಹುಟ್ಟದ ಸ್ವರಕ್ಕೆ ಸೂಜಿ ಏನು ಮಾಡುತ್ತೆ, ನನ್ನ ಮೊಟ್ಟೆ ಏನು ಮಾಡುತ್ತೆ? ಮೊದಲೇ ಹೇಳಿದ್ರೆ ಮೊಟ್ಟೆಯಾದ್ರೂ ಉಳೀತಿತ್ತು."

ಇಬ್ಬರೂ ತಂತಮ್ಮ ಮನೆ ಸೇರಿದರು. ಒಬ್ದೂಲಿಯಾ ಒಲೆ ಹಚ್ಚಲು ಒಳಗೆ ಹೋದಳು. ಬೌದೇಲಿಯೊ ಅಂಗಳದ ನಲ್ಲಿಯ ಹತ್ತಿರ ಒಬ್ಬನೇ ನಿಂತು ಮಫ್ಲರು ಬಿಚ್ಚಿ, ಮುಖಕ್ಕೆ ನೀರು ಎರಚಿಕೊಂಡ. ಗಂಟಲಿನ ತಳದಲ್ಲಿ ಏನೋ ಸಡಿಲವಾದಂತೆ, ತುಕ್ಕು ಹಿಡಿದ ಬೀಗ ಕ್ಲಿಕ್ಕೆಂದಂತೆ ಆಯಿತು. ಕಷಾಯವೋ, ಸೂಜಿಯೋ, ಸಿಟ್ಟೋ. ಬಾಯಿ ತೆರೆದ.

ಬಂತು! ಯಂತ್ರದ ಮರೆಯಿಲ್ಲದೆ, ಮೈಕಿಲ್ಲದೆ, ತುಂಬು ಗಂಟಲಿನಿಂದ, ಎಂಬತ್ತೇಳರಲ್ಲಿ ಹೇಗಿತ್ತೋ ಹಾಗೆಯೇ, ಅದಕ್ಕಿಂತಲೂ ನಿಚ್ಚಳವಾಗಿ ಬಂತು. ನೀರಿನ ಟ್ಯಾಂಕಿನ ಮೇಲಿನ ಪಾರಿವಾಳಗಳು ಒಟ್ಟಿಗೆ ಎದ್ದವು. ಕಿಟಕಿಯ ಗಾಜುಗಳು ಗುಂಯ್‌ಗುಟ್ಟಿದವು. ಏಳು ಸೆಕೆಂಡು, ಎಂಟು, ಒಂಬತ್ತು. ಕಣ್ಣು ಮುಚ್ಚಿ, ಎರಡೂ ತೋಳು ಚಾಚಿ, ಹದಿನೆಂಟು ಬಾಗಿಲುಗಳೂ ತೆರೆಯಲಿ ಎಂದು ಹಾಡಿದ.

ಮೇಲಿನ ಒಂದು ಕಿಟಕಿ ತೆರೆದುಕೊಂಡಿತು. ಅದೂ ನಾಲ್ಕು ಬೆರಳಷ್ಟು.

"ಬೌದೇಲಿಯೊ! ಟೀವೀಲಿ ಆಗಿದ್ದು ಸಾಲದೇನಯ್ಯ?" ವುಲ್ಫ್ರಾನೊ ಕೂಗಿದ. "ಇಲ್ಲೂ ಅದೇ ಟೇಪು ಹಾಕ್ಕೊಂಡು ಕೂತಿದ್ದೀಯಲ್ಲ!"

ಕಿಟಕಿ ಮುಚ್ಚಿತು. ಒಲೆಯ ಕಡೆಯಿಂದ ಒಬ್ದೂಲಿಯಾಳ ದನಿ ಬಂತು, ಇಡೀ ದಿನದಲ್ಲಿ ಅಷ್ಟು ಅಕ್ಕರೆಯ ದನಿ ಅವಳು ತೆಗೆದಿರಲಿಲ್ಲ.

"ಹೋಗ್ಲಿ ಬಿಡ್ರೀ, ಮನಸ್ಸಿಗೆ ಹಚ್ಕೋಬೇಡಿ. ಆ ಟೇಪು ಆರಿಸಿ ಒಳಗೆ ಬನ್ನಿ, ಸೂಪು ಆರಿಹೋಗುತ್ತೆ."

ಟೇಪಲ್ಲ ಕಣೇ, ನಾನು, ಎನ್ನಲು ಬೌದೇಲಿಯೊ ಬಾಯಿ ತೆರೆದ. ಗಂಟಲಿನಲ್ಲಿ ಉಳಿದಿದ್ದುದನ್ನೆಲ್ಲ ಆ ಸ್ವರ ಗುಡಿಸಿಕೊಂಡು ಹೋಗಿತ್ತು. ಜಾರಿದ್ದ ಪ್ಯಾಂಟು ಎತ್ತಿ ಹಿಡಿದುಕೊಂಡು ಸೂಪು ಕುಡಿಯಲು ಒಳಗೆ ಹೋದ.