ಮೊದಲನೇ ಡಬ್ಬದ ಪಾಡು

ಇಷ್ಟೆಲ್ಲ ರಂಪಕ್ಕೆ ಕಾರಣ ಒಂದು ಚಪ್ಪಟೆ ಕೇಕು.

ಹಿಂದಿನ ದಿನ ಸಂಜೆ ಮ್ಯಾನೇಜರು ಅದನ್ನು ಡಬ್ಬದ ಸಮೇತ ಮಫ್ಲರಣ್ಣನ ಮೂಗಿನ ಮುಂದೆ ಹಿಡಿದು, ಇದೇನಯ್ಯಾ ಎಂದು ಕೇಳಿದ್ದರು. ಕೇಕು ಸಾರ್ ಎಂದ ಮಫ್ಲರಣ್ಣ. ತಮಗೇನೋ ಇದು ಚಪ್ಪಲಿಯ ಹಾಗೆ ಕಾಣುತ್ತಿದೆ ಎಂದರು ಅವರು. ಈ ತಿಂಗಳಲ್ಲಿ ಇಂಥದ್ದು ಮೂವತ್ತೊಂದನೆಯದಂತೆ. ನಾಳೆ ಒಂದೇ ಒಂದು ಡಬ್ಬ ಜಜ್ಜಿಹೋದರೂ ನಾಡಿದ್ದಿನಿಂದ ನಿನ್ನ ಡ್ಯೂಟಿ ಕೋಲ್ಡ್ ಸ್ಟೋರೇಜಿನಲ್ಲಿ ಎಂದು ಹೇಳಿ, ಆ ಕೇಕನ್ನು ಅವನ ಕೈಗೇ ಕೊಟ್ಟು ಹೋದರು.

ಬೇರೆ ಯಾರಿಗಾದರೂ ಹೇಳಿದ್ದರೆ ಆಗಲಿ ಸಾರ್ ಅಂದುಬಿಡುತ್ತಿದ್ದರು. ಮಫ್ಲರಣ್ಣನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಅಡುಗೆಮನೆಯಲ್ಲಿ ಹೆಂಡತಿ ಫ್ರಿಜ್ಜಿನ ಬಾಗಿಲು ತೆಗೆದರೆ ಹಜಾರದಲ್ಲಿ ಕೂತ ಅವನು ಸೀನುತ್ತಿದ್ದ. ಊರೆಲ್ಲ ಬೆವರು ಒರೆಸಿಕೊಳ್ಳುವ ಬೇಸಿಗೆಯಲ್ಲೂ ಅವನ ಕತ್ತಿಗೆ ಹೆಂಡತಿ ಹೆಣೆದ ಕಂದು ಉಣ್ಣೆಯ ಮಫ್ಲರು ಎರಡು ಸುತ್ತು ಇರಲೇಬೇಕು. ಕೋಲ್ಡ್ ಸ್ಟೋರೇಜು ಎಂದರೆ ಐಸ್‌ಕ್ರೀಮಿನ ವಿಭಾಗ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಅಲ್ಲಿಂದ ಆಚೆ ಬಂದವರ ಮೀಸೆಯ ಮೇಲೆ ಬಿಳಿ ಪುಡಿ ಕೂತಿರುವುದನ್ನು ಅವನು ಕಣ್ಣಾರೆ ಕಂಡಿದ್ದ. ಆ ಮೀಸೆ ನೆನೆದುಕೊಂಡರೇ ಅವನಿಗೆ ಮೈ ನಡುಗುತ್ತಿತ್ತು.

ಹಾಗೆ ನೋಡಿದರೆ ತಪ್ಪು ಅವನದಲ್ಲ, ನೀವೇ ಹೇಳಿ. ಓವನ್ನಿನಿಂದ ಬಂದ ಕೇಕು ಡಬ್ಬ ಸೇರಿ, ಉದ್ದನೆಯ ಬೆಲ್ಟಿನ ಮೇಲೆ ಸಾಗಿ, ಕೊನೆಗೆ ಪ್ಲಾಸ್ಟಿಕ್ ಸುತ್ತುವ ಮೆಷಿನ್ನಿಗೆ ಬರುತ್ತದೆ. ಆ ಮೆಷಿನ್ನಿನ ಬಾಯಲ್ಲಿ ಮಫ್ಲರಣ್ಣ ನಿಂತಿರುತ್ತಾನೆ. ಪ್ಲಾಸ್ಟಿಕ್ ರೋಲು ಮುಗಿದರೆ ಹೊಸದು ಹಾಕಲು ಮೂರು ನಿಮಿಷ ಬೇಕು. ಬೆಲ್ಟಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು, ಅದು ತಳ್ಳುತ್ತಲೇ ಇರುತ್ತದೆ. ನಿಂತ ಡಬ್ಬದ ಬೆನ್ನಿಗೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು, ಕೊನೆಗೆ ಎಲ್ಲ ಡಬ್ಬಗಳ ಒತ್ತಡ ಮೊದಲನೆಯದರ ಮೇಲೆ. ಬೆಲ್ಟು ನಿಲ್ಲಿಸೋಣವೆಂದರೆ ಇರುವುದೇ ಒಂದು ಸ್ವಿಚ್ಚು. ಅದನ್ನು ಒತ್ತಿದರೆ ಕೇಕು ಸಾಗಿಸುವ ಓವನ್ನಿನ ಸರಪಳಿಯೂ ನಿಂತು ಒಳಗಿರುವ ಕೇಕೆಲ್ಲ ಇದ್ದಿಲಾಗುತ್ತದೆ. ಹಾಗಾಗಿ ಮಫ್ಲರಣ್ಣ ಎರಡು ಕೈಯಲ್ಲಿ ರೋಲು ಹಾಕುತ್ತ, ಡಬ್ಬಗಳ ಸಾಲನ್ನು ಸೊಂಟ ಕೊಟ್ಟು ತಡೆಯುತ್ತ ಮೂರು ವರ್ಷ ಕಳೆದಿದ್ದ.

ಮರುದಿನ ಬೆಳಗ್ಗೆ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಮಫ್ಲರಣ್ಣ ಎಲ್ಲರಿಗಿಂತ ಮುಂದೆ, ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದ. ಡ್ರೈವರು ಬ್ರೇಕು ಹಾಕಿದ್ದೇ ತಡ, ಹಿಂದಿನ ನಲವತ್ತು ಜನ ಒಬ್ಬರ ಮೇಲೊಬ್ಬರು ವಾಲಿ ಕೊನೆಗೆ ಎಲ್ಲರೂ ಸೇರಿ ಅವನ ಬೆನ್ನಿಗೆ ಬಂದರು. ಮೂಗು ಗಾಜಿನ ಮೇಲೆ ಚಪ್ಪಟೆಯಾಯಿತು. ಮೊದಲನೇ ಡಬ್ಬದ ಪಾಡು ಏನೆಂದು ಅವನಿಗೆ ಅವತ್ತು ಅರ್ಥವಾಯಿತು. ಹಾಗೇ ಚಪ್ಪಟೆ ಮೂಗಿನಲ್ಲಿ ಆಚೆ ನೋಡಿದರೆ, ಕೆಂಪು ದೀಪದ ಮುಂದೆ ಕಾರುಗಳು ಸಾಲಾಗಿ ನಿಂತಿದ್ದವು. ಒಂದಕ್ಕೊಂದು ತಾಗಿರಲಿಲ್ಲ. ಮುಂದಿನವನು ನಿಂತ, ಅವನನ್ನು ನೋಡಿ ಹಿಂದಿನವನು ನಿಂತ, ಅಷ್ಟೇ. ಯಾರ ಮೇಲೆ ಯಾರ ಭಾರವೂ ಇಲ್ಲ.

ಮಫ್ಲರಣ್ಣನಿಗೆ ಕುಣಿಯಬೇಕು ಅನ್ನಿಸಿತು. ಕುಣಿಯಲು ಜಾಗವಿರಲಿಲ್ಲ.

ಬಸ್ಸಿಳಿದವನು ಓಡಿದ್ದು ಬಾಮೈದನ ಹತ್ತಿರ. ಹೆಂಡತಿಯ ತಮ್ಮ ಅದೇ ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್ಕು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

"ಬೆಲ್ಟು ನೋಡೋಕೆ ಒಂದೇ ಭಾವ, ಒಳಗೆ ಇರೋದು ಆರು ತುಂಡು, ಆರು ಮೋಟರು," ಎಂದ ಬಾಮೈದ. "ಯಾರೋ ಪುಣ್ಯಾತ್ಮರು ಎಲ್ಲಾನೂ ಒಂದೇ ಸ್ವಿಚ್ಚಿಗೆ ಕಟ್ಟಿದ್ದಾರೆ."

"ಬಿಡಿಸೋಕಾಗುತ್ತಾ?"

"ಅರ್ಧ ಗಂಟೆ ಕೆಲಸ. ಅಕ್ಕನ್ನ ಕೇಳಿದ್ದೀರಾ ಇದಕ್ಕೆ?"

ಅಕ್ಕನ ಮಾತು ಆಮೇಲೆ ಎಂದು ಮಫ್ಲರಣ್ಣ ಅವನ ಕೈಗೆ ಸ್ಕ್ರೂಡ್ರೈವರು ಕೊಟ್ಟ. ಶಿಫ್ಟು ಶುರುವಾಗುವ ಹೊತ್ತಿಗೆ ಆರು ತುಂಡಿಗೆ ಆರು ಸ್ವಿಚ್ಚು ತಯಾರಾಯಿತು. ಓವನ್ನಿನ ಸರಪಳಿಯ ದಾರಿ ಇನ್ನು ಬೇರೆ, ಬೆಲ್ಟು ನಿಂತರೂ ಅದು ನಿಲ್ಲುವುದಿಲ್ಲ.

ಮೆಷಿನ್ನಿನ ಪಕ್ಕದ ಮೊದಲನೇ ತುಂಡಿಗೆ ಮಫ್ಲರಣ್ಣ ತಾನೇ ನಿಂತ. ಎರಡನೆಯದಕ್ಕೆ ಲೇಬಲ್ ಅಂಟಿಸುವ, ಎಲ್ಲರೂ ಲೇಬಲ್ ಅಕ್ಕ ಎನ್ನುವ ಹೆಂಗಸು, ಆಮೇಲೆ ಪ್ಯಾಕಿಂಗಿನ ಮೂವರು, ಕೊನೆಯದಕ್ಕೆ ಓವನ್ ಮೇಸ್ತ್ರಿ. ಮೆಷಿನ್ನಿನ ಸದ್ದಿಗೆ ಕೂಗಿದರೆ ಕೇಳಿಸುವುದಿಲ್ಲ, ಅದಕ್ಕೆ ಮಫ್ಲರಣ್ಣ ಒಂದು ಸನ್ನೆ ಗೊತ್ತುಮಾಡಿದ. ತನ್ನ ತುಂಡು ನಿಲ್ಲಿಸಿದವರು ತಲೆ ಮೇಲೆ ಕೈ ಇಡಬೇಕು. ಅದನ್ನು ನೋಡಿದ ಹಿಂದಿನವರು, ತಮ್ಮ ಮೊದಲ ಡಬ್ಬ ಅಂಚಿಗೆ ಬಂದೊಡನೆ ತಮ್ಮ ತುಂಡನ್ನು ನಿಲ್ಲಿಸಿ ತಾವೂ ತಲೆ ಮೇಲೆ ಕೈ ಇಡಬೇಕು. ಪ್ರತಿ ತುಂಡಿನ ತುದಿಯ ಖಾಲಿ ಜಾಗ ಹೀಗೆ ಒಂದೊಂದಾಗಿ ತುಂಬಿ ಮೇಸ್ತ್ರಿಯವರೆಗೆ ಬರುವಷ್ಟರಲ್ಲಿ ರೋಲು ಬದಲಾಗಿರುತ್ತದೆ. ಓವನ್ನು ನಿಲ್ಲಬೇಕಾಗಿಲ್ಲ, ಡಬ್ಬಕ್ಕೆ ಡಬ್ಬ ತಾಗಬೇಕಾಗಿಲ್ಲ.

ಮೇಸ್ತ್ರಿಗೆ ವಯಸ್ಸಾಗಿತ್ತು, ಯಾವುದನ್ನೂ ಒಂದೇ ಸಲಕ್ಕೆ ಒಪ್ಪುವ ಜನವಲ್ಲ. ತನ್ನ ಹಿಂದೆ ಯಾರೂ ಇಲ್ಲವಲ್ಲ, ತಾನು ಯಾರಿಗೆ ತೋರಿಸಲು ತಲೆ ಮೇಲೆ ಕೈ ಇಡಬೇಕು ಎಂದು ತಕರಾರು ತೆಗೆದರು. ಬೇಡ ಬಿಡಿ ಎಂದರೆ, ಎಲ್ಲರೂ ಇಟ್ಟಮೇಲೆ ನನ್ನ ತಲೆಗೇನು ಕಮ್ಮಿ, ನಾನೂ ಇಡುತ್ತೇನೆ ಎಂದರು. ಹೋಗುವ ಮುಂಚೆ ಇನ್ನೊಂದು ಮಾತು ಹೇಳಿದರು. "ಮೆಷಿನ್ ಹತ್ರ ಆ ಮಫ್ಲರ್ ಬೇಡ ಕಣಯ್ಯ. ಒಂದಿನ ಕತ್ತಿಗೆ ಬರುತ್ತೆ."

ಕತ್ತಿಗೆ ಅಂತಲೇ ಅಲ್ಲವಾ ಹಾಕಿಕೊಂಡಿರುವುದು ಎಂದು ಮಫ್ಲರಣ್ಣ ಅದನ್ನು ಇನ್ನೊಂದು ಸಲ ಬಿಗಿಮಾಡಿಕೊಂಡ.

ಆಗಲೇ ಹಿಮಕರಡಿ ಬಂದದ್ದು. ಕೋಲ್ಡ್ ಸ್ಟೋರೇಜಿನ ಮುಖ್ಯಸ್ಥನನ್ನು ಎಲ್ಲರೂ ಕರೆಯುತ್ತಿದ್ದುದು ಹಾಗೆ. ಆಳು ಬಾಗಿಲಷ್ಟು ಅಗಲ, ಮೈಮೇಲೆ ಮೊಣಕಾಲಿನವರೆಗೆ ಹತ್ತಿ ತುಂಬಿದ ಕೋಟು. ಟೀ ಲೋಟ ಹಿಡಿದು ಗೋಡೆಗೆ ಒರಗಿ ನಿಂತ. ಮಫ್ಲರಣ್ಣನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದ, ಆಮೇಲೆ ಭುಜದಿಂದ ಭುಜಕ್ಕೆ ನೋಡಿದ. ಕೋಟಿನ ಅಳತೆ ಸಾಲದೆ ಬಂದೀತು ಅಂತ ನೋಡ್ತಿದ್ದಾನೆ ಎಂದು ಬಾಮೈದ ಕಿವಿಯಲ್ಲಿ ಉಸುರಿದ. ತಾನು ಎಡವಲಿ ಅಂತಲೇ ಬಂದು ಕಾಯುತ್ತಿದ್ದಾನಲ್ಲ, ಎಂಥ ಮನುಷ್ಯ ಇವನು ಎಂದು ಮಫ್ಲರಣ್ಣ ಹಲ್ಲು ಕಚ್ಚಿದ.

ಹತ್ತು ಗಂಟೆಗೆ ಮೊದಲ ರೋಲು ಮುಗಿಯಿತು. ಮಫ್ಲರಣ್ಣ ಸ್ವಿಚ್ಚು ಒತ್ತಿ ತಲೆ ಮೇಲೆ ಕೈ ಇಟ್ಟ. ಲೇಬಲ್ ಅಕ್ಕ ನಿಲ್ಲಿಸಿ ಕೈ ಇಟ್ಟಳು. ಮೂರನೆಯವನು, ನಾಲ್ಕನೆಯವನು, ಐದನೆಯವನು. ಕೊನೆಗೆ ದೂರದಲ್ಲಿ ಮೇಸ್ತ್ರಿಯೂ ಗಂಭೀರವಾಗಿ ತಲೆ ಮೇಲೆ ಕೈ ಇಟ್ಟು ಹಿಂದಿನ ಗೋಡೆಗೆ ತೋರಿಸಿದರು. ಡಬ್ಬಗಳು ಅಂತರ ಬಿಟ್ಟು ಶಾಲೆಯ ಮಕ್ಕಳ ಹಾಗೆ ನಿಂತವು. ರೋಲು ಬದಲಾಯಿತು, ಕೈಗಳು ಇಳಿದವು, ಬೆಲ್ಟು ಹೊರಟಿತು. ಒಂದು ಡಬ್ಬದ ಮೂಲೆಯೂ ಮಡಚಿಕೊಂಡಿರಲಿಲ್ಲ. ಮಫ್ಲರಣ್ಣನಿಗೆ ಖುಷಿಗೆ ಕಣ್ಣು ತುಂಬಿ ಬಂತು. ವಿಚಿತ್ರವೆಂದರೆ ಹಿಮಕರಡಿಯೂ ಹಲ್ಲು ಬಿಟ್ಟು ನಗುತ್ತಿದ್ದ.

ಸುಖ ಕಾಲು ಗಂಟೆ. ಇದ್ದಕ್ಕಿದ್ದಂತೆ ಮೆಷಿನ್ನಿಗೆ ಡಬ್ಬಗಳೇ ಬರುವುದು ನಿಂತುಹೋಯಿತು. ತಿರುಗಿ ನೋಡಿದರೆ ಐದು ಜನವೂ ತಲೆ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಾರೆ. ಓವನ್ನಿನ ಕಡೆ ಕೇಕು ಇಡಲು ಮೇಜು ಸಾಲದೆ ಮೇಸ್ತ್ರಿ ಒಂದೇ ಕೈಯಲ್ಲಿ ಒದ್ದಾಡುತ್ತಿದ್ದಾರೆ. ಆಗಿದ್ದಿಷ್ಟೆ, ಲೇಬಲ್ ಅಕ್ಕ ಟೋಪಿ ಸರಿಮಾಡಿಕೊಂಡಿದ್ದಳು. ಹಿಂದಿನವನು ಅದನ್ನು ಸನ್ನೆ ಎಂದುಕೊಂಡ. ಹಿಂದೆ ಎಲ್ಲರೂ ನಿಂತದ್ದು ನೋಡಿ, ತನಗೇ ಗೊತ್ತಾಗದೆ ಏನೋ ಆಗಿರಬೇಕು ಎಂದು ಅಕ್ಕನೂ ಕೈ ಇಟ್ಟಿದ್ದಳು.

ಮಫ್ಲರಣ್ಣ ಸಾಲಿನುದ್ದಕ್ಕೂ ಓಡಿ ಆಜ್ಞೆ ಹೊರಡಿಸಿದ. ಇವತ್ತು ಸಂಜೆಯವರೆಗೆ ಯಾರೂ ತಲೆ ಮುಟ್ಟಬಾರದು, ಟೋಪಿ ಬಿದ್ದರೂ ಬೀಳಲಿ, ಸೊಳ್ಳೆ ಕಚ್ಚಿದರೂ ಕಚ್ಚಲಿ. ಹಾಗೆಂದದ್ದೇ ಆಯಿತು, ಆರು ತಲೆಗಳಲ್ಲೂ ಒಟ್ಟಿಗೆ ತುರಿಕೆ ಶುರುವಾಯಿತು. ಲೇಬಲ್ ಅಕ್ಕ ತಲೆಯನ್ನು ಕಂಬಕ್ಕೆ ತಿಕ್ಕಿಕೊಂಡಳು. ಐದನೆಯವನು ಕಣ್ಣೀರಿಟ್ಟ. ಆದರೆ ಬೆಲ್ಟು ಓಡಿತು. ಎರಡನೇ ರೋಲೂ ಒಂದು ಗಾಯವಿಲ್ಲದೆ ದಾಟಿತು.

ಅಷ್ಟಕ್ಕೆ ಬಾಮೈದ ಸುಮ್ಮನಿದ್ದಿದ್ದರೆ ಅವನು ಬಾಮೈದ ಹೇಗಾದಾನು. ನಮ್ಮ ಭಾವ ಹೊಸದೊಂದು ಕಂಡುಹಿಡಿದಿದ್ದಾರೆ ಎಂದು ಫ್ಯಾಕ್ಟರಿಯೆಲ್ಲ ಸಾರಿಕೊಂಡು ಬಂದ. ಮಧ್ಯಾಹ್ನ ಮೂರಕ್ಕೆ, ಕೊನೇ ರೋಲಿನ ಹೊತ್ತಿಗೆ, ಬಿಸ್ಕೆಟಿನವರು, ಗೋಡೌನಿನವರು, ಲಾರಿಯವರು, ಎಲ್ಲರೂ ಬಂದು ಮಫ್ಲರಣ್ಣನ ಬೆನ್ನ ಹಿಂದೆ ಸೇರಿದರು. ಹಿಂದಿದ್ದವರಿಗೆ ಕಾಣಿಸದೆ ಮುಂದಿದ್ದವರನ್ನು ತಳ್ಳಿದರು. ಡಬ್ಬಗಳಿಗೆ ಕಲಿಸಿದ ಬುದ್ಧಿಯನ್ನು ಜನಕ್ಕೆ ಯಾರೂ ಕಲಿಸಿರಲಿಲ್ಲ. ಸಾಲಿನ ಮೊದಲಲ್ಲಿ ಮತ್ತೆ ಮಫ್ಲರಣ್ಣನೇ.

ಬೆನ್ನ ಮೇಲೆ ಭಾರ ಬಿದ್ದು ಅವನು ಮುಂದಕ್ಕೆ ಬಾಗಿದ. ಮಫ್ಲರಿನ ತುದಿ ಒಂದು ಡಬ್ಬದ ಜೊತೆ ಮೆಷಿನ್ನಿನ ಒಳಗೆ ಹೋಯಿತು. ಮೆಷಿನ್ನು ಎರಡಕ್ಕೂ ಸೇರಿಸಿ ಅಚ್ಚುಕಟ್ಟಾಗಿ ಪ್ಲಾಸ್ಟಿಕ್ ಸುತ್ತಿ, ಗಕ್ಕನೆ ನಿಂತಿತು. ಕತ್ತು ಬಿಗಿಯಿತು. ಮಫ್ಲರಣ್ಣ ಎರಡು ಕೈಯಲ್ಲೂ ಮಫ್ಲರು ಹಿಡಿದೆಳೆಯುತ್ತ ಮೊಣಕಾಲಿನಿಂದ ಹೇಗೋ ತನ್ನ ಸ್ವಿಚ್ಚು ಒತ್ತಿದ. ಬೆಲ್ಟಿನ ಮೊದಲ ತುಂಡು ನಿಂತಿತು. ಸರಿ, ತಲೆ ಮೇಲೆ ಇಡಲು ಕೈ ಎಲ್ಲಿಂದ ತರುವುದು? ಒಂದು ಕೈ ಬಿಟ್ಟರೆ ಉಸಿರು ಹೋಗುತ್ತದೆ, ಬಿಡದಿದ್ದರೆ ಕೇಕು ಹೋಗುತ್ತದೆ. ಅಕ್ಕಾ, ಅಕ್ಕಾ ಎಂದು ಕೂಗಿದ. ಸದ್ದಿನಲ್ಲಿ ಅಕ್ಕನಿಗೆ ಏನೂ ಕೇಳಲಿಲ್ಲ. ಅವಳು ಅವನ ತಲೆಯನ್ನೇ ದಿಟ್ಟಿಸುತ್ತ, ಕೈ ಕಾಣಿಸದ್ದರಿಂದ ನಿಶ್ಚಿಂತೆಯಾಗಿ ಬೆಲ್ಟು ಓಡಿಸುತ್ತಿದ್ದಳು. ಅವಳ ತುಂಡಿನ ಡಬ್ಬ ಅಂಚಿಗೆ ಒಂದು ಗೇಣು ದೂರ, ಅರ್ಧ ಗೇಣು ದೂರ. ಮಫ್ಲರಣ್ಣನ ಕಣ್ಣ ಮುಂದೆ ಬಿಳಿ ಮೀಸೆಗಳು ಕುಣಿದವು.

ಆಗ ಅವನ ತಲೆಯ ಮೇಲೆ ಒಂದು ಕೈ ಬಂದು ಕೂತಿತು. ದೊಡ್ಡ ಕೈ, ತಣ್ಣಗಿತ್ತು. ಹಿಮಕರಡಿಯದು.

ಲೇಬಲ್ ಅಕ್ಕ ನೋಡಿದಳು, ಒತ್ತಿದಳು. ಡಬ್ಬ ಅಂಚಿನಲ್ಲಿ ಒಂದು ಬೆರಳಷ್ಟು ಜಾಗ ಉಳಿಸಿಕೊಂಡು ನಿಂತಿತು. ಹಿಂದೆ ಒಂದೊಂದೇ ಕೈ ಏರಿತು. ಬಾಮೈದ ಕತ್ತರಿ ತಂದು ಮಫ್ಲರನ್ನು ಕಚಕ್ಕನೆ ಕತ್ತರಿಸಿ ಭಾವನ ಕತ್ತು ಬಿಡಿಸಿದ. ಅರ್ಧ ಮಫ್ಲರು ಕೇಕಿನ ಜೊತೆ ಪ್ಲಾಸ್ಟಿಕ್ಕಿನಲ್ಲೇ ಉಳಿಯಿತು. ಆದರೆ ಆ ಕೇಕು ಕೂಡ ಜಜ್ಜಿಹೋಗಿರಲಿಲ್ಲ, ಉಣ್ಣೆಯ ಹಾಸಿಗೆಯಲ್ಲಿ ಬೆಚ್ಚಗೆ ಮಲಗಿತ್ತು.

ಶಿಫ್ಟು ಮುಗಿಯಲು ಹತ್ತು ನಿಮಿಷವಿದ್ದಾಗ ಮ್ಯಾನೇಜರು ಬಂದರು. ಡಬ್ಬಗಳನ್ನು ಬೆಳಕಿಗೆ ಹಿಡಿದು ನೋಡಿದರು, ಮೂಲೆ ಒತ್ತಿ ನೋಡಿದರು. ಒಂದೂ ಚಪ್ಪಲಿ ಸಿಗಲಿಲ್ಲ. ಮಫ್ಲರಣ್ಣನ ಬೆನ್ನು ತಟ್ಟಿ, ಇಡೀ ಸಾಲಿಗೆ ಕೇಳುವ ಹಾಗೆ ಹೊಗಳಿದರು. ಮೇಸ್ತ್ರಿಯೂ ಒಪ್ಪಿಕೊಂಡು ತಲೆಯಾಡಿಸಿದರು. ಮಫ್ಲರಣ್ಣನಿಗೆ ನೆಲ ಕಾಲಿಗೆ ಸಿಗುತ್ತಿರಲಿಲ್ಲ. ಬದುಕಿದೆ ಎಂದುಕೊಂಡ, ಬದುಕಿಸಿದ ಹಿಮಕರಡಿಗೆ ಕೈ ಮುಗಿದ. ಬೆಳಗ್ಗೆಯಿಂದ ಸುಮ್ಮನೆ ಬೈದುಕೊಂಡೆನಲ್ಲ ಪಾಪ ಎಂದು ನಾಚಿಕೆಯೂ ಆಯಿತು.

"ಇವರು ಮೂರು ತಿಂಗಳಿಂದ ನನ್ನ ಪ್ರಾಣ ಹಿಂಡ್ತಿದ್ದಾರೆ," ಎಂದರು ಮ್ಯಾನೇಜರು ಹಿಮಕರಡಿಯನ್ನು ತೋರಿಸಿ. "ಅವರ ಬೆಲ್ಟಲ್ಲೂ ಐಸ್‌ಕ್ರೀಮ್ ಡಬ್ಬ ಹೀಗೇ ಜಜ್ಜಿಹೋಗ್ತಿವೆಯಂತೆ. ನೀನೇನಾದರೂ ಇವತ್ತು ಗೆದ್ದರೆ ನಿನ್ನನ್ನ ತಮಗೇ ಕೊಡಬೇಕು ಅಂತ ಬೆಳಗ್ಗೆನೇ ಮಾತು ತಗೊಂಡಿದ್ದರು. ಇಲ್ಲಿ ಎಲ್ಲರೂ ಕಲಿತಾಯ್ತಲ್ಲ, ಇನ್ನು ಯಾರು ಬೇಕಾದರೂ ನಿಂತ್ಕೋತಾರೆ. ನಾಳೆಯಿಂದ ನೀನು ಕೋಲ್ಡ್ ಸ್ಟೋರೇಜಿಗೆ."

ಮಫ್ಲರಣ್ಣನ ಬಾಯಿಂದ ಎರಡೇ ಮಾತು ಹೊರಟಿತು. "ಎಷ್ಟು ದಿನ?"

"ಕಾಯಂ ಕಣಯ್ಯ. ಅಲ್ಲಿನ ಬೆಲ್ಟಿಗೆ ನೀನೇ ಇನ್‌ಚಾರ್ಜು."

ಹಿಮಕರಡಿ ಕಂಕುಳಿಂದ ಒಂದು ಗಂಟು ತೆಗೆದು ಬಿಚ್ಚಿದ. ಹತ್ತಿ ತುಂಬಿದ ಹೊಸ ಕೋಟು. ಭುಜಕ್ಕೆ ಹಿಡಿದು ನೋಡಿದರೆ ಅಳತೆ ಒಂದಿಂಚೂ ಆಚೀಚೆ ಇರಲಿಲ್ಲ.

ಮಫ್ಲರಣ್ಣ ಕೋಟು ನೋಡಿದ, ಕತ್ತಿನಲ್ಲಿ ನೇತಾಡುತ್ತಿದ್ದ ಅರ್ಧ ಮಫ್ಲರು ಮುಟ್ಟಿಕೊಂಡ. ಆಮೇಲೆ ತಲೆ ಮೇಲೆ ಕೈ ಹೊತ್ತು ನಿಂತುಬಿಟ್ಟ.

ಲೇಬಲ್ ಅಕ್ಕ ತಕ್ಷಣ ತನ್ನ ತುಂಡು ನಿಲ್ಲಿಸಿ ತಲೆ ಮೇಲೆ ಕೈ ಇಟ್ಟಳು. ಮೂರನೆಯವನು ಇಟ್ಟ, ನಾಲ್ಕನೆಯವನು ಇಟ್ಟ, ಐದನೆಯವನು ಇಟ್ಟ. ದೂರದಲ್ಲಿ ಮೇಸ್ತ್ರಿ ಗಂಭೀರವಾಗಿ ಕೈ ಎತ್ತಿ ಹಿಂದಿನ ಗೋಡೆಗೆ ತೋರಿಸಿದರು. ಬೆಲ್ಟಿನುದ್ದಕ್ಕೂ ಡಬ್ಬಗಳು ಸಾಲಾಗಿ ನಿಂತಿದ್ದವು, ಒಂದೂ ಇನ್ನೊಂದಕ್ಕೆ ತಾಗಿರಲಿಲ್ಲ.