ಹೀರೆಕಾಯಿಯ ಅಧಿಕೃತ ಉದ್ದ

ಈ ಬೇಸಿಗೆಯಲ್ಲಿ ನಮ್ಮ ಹಿತ್ತಿಲ ಚಪ್ಪರದಲ್ಲಿ ಹತ್ತೊಂಬತ್ತು ಹೀರೆಕಾಯಿಗಳು ಬಿಟ್ಟವು. ಇದರಲ್ಲಿ ಎರಡು ಮಾತಿಲ್ಲ. ನನ್ನ ಪುಸ್ತಕದಲ್ಲೂ ಹತ್ತೊಂಬತ್ತು, ತೋಟ ಕಚೇರಿಯ ಕಡತದಲ್ಲೂ ಹತ್ತೊಂಬತ್ತು. ಬದನೆ, ಬೆಂಡೆಗಳೂ ಚೆನ್ನಾಗಿಯೇ ಬಂದಿದ್ದವು. ಅವುಗಳ ವಿಚಾರಣೆ ಬೇರೆ ಕಡತದಲ್ಲಿ ನಡೆಯುತ್ತಿರುವುದರಿಂದ ಇಲ್ಲಿ ಪ್ರಸ್ತಾಪಿಸುವುದು ಸೂಕ್ತವಲ್ಲ.

ನಾನು ಸಸ್ಯಶಾಸ್ತ್ರದ ಪದವೀಧರೆ. ಮೊದಲ ದರ್ಜೆ. ಮೂವತ್ತೆಂಟು ವರ್ಷಗಳಿಂದ ಹಿತ್ತಿಲಿಗೆಂದೇ ಒಂದು ಪುಸ್ತಕ ಇಟ್ಟಿದ್ದೇನೆ. ಯಾವ ಬೀಜ ಎಂದು ಊರಿದ್ದು, ಎಂದು ಮೊಳೆತದ್ದು, ಮೊದಲ ಹೂ ಯಾವಾಗ, ಮೊದಲ ಕಾಯಿ ಯಾವಾಗ ಎಲ್ಲವೂ ಅದರಲ್ಲಿದೆ. ಒಂದು ಸುಳ್ಳಿಲ್ಲ, ಒಂದು ಚಿತ್ತಿಲ್ಲ. ಹೀಗಾಗಿ ತೋಟ ಕಚೇರಿಯವರು ‘ಮನೆ ಹಿತ್ತಿಲ ಬೆಳೆಗಳ ಸ್ವಯಂಪ್ರೇರಿತ ನೋಂದಣಿ’ ಎಂಬ ಪ್ರಕಟಣೆ ಹೊರಡಿಸಿ, ನೋಂದಾಯಿಸಿದವರ ಗೇಟಿಗೆ ಹಿತ್ತಾಳೆ ಫಲಕ ಹಾಕುವುದಾಗಿ ತಿಳಿಸಿದಾಗ, ಇಡೀ ಬೀದಿಯಲ್ಲಿ ಅರ್ಜಿ ಹಾಕಿದವಳು ನಾನೊಬ್ಬಳೇ.

“ಇಲ್ಲದ ಉಸಾಬರಿ ಯಾಕತ್ತೆ? ಕಾಯಿ ಬಿಟ್ರೆ ಕಿತ್ಕೊಂಡು ತಿಂದ್ರಾಯ್ತು,” ಎಂದಳು ಸೊಸೆ. ಅವಳು ಓದಿದ್ದು ವಾಣಿಜ್ಯ.

ಈ ಬಾರಿ ಬೀಜ ಊರಿದವರು ನಮ್ಮ ಯಜಮಾನರು. ಊರಿದ ಮರುವಾರವೇ ಜ್ವರ ಹಿಡಿದು ಮಲಗಿ, ಎರಡು ತಿಂಗಳು ಗಂಜಿಯಲ್ಲೇ ಕಳೆದರು. ಡಾಕ್ಟರು ‘ಇನ್ನು ತರಕಾರಿ ತಿನ್ನಬಹುದು’ ಎಂದ ದಿನ, ಕಿಟಕಿಯಿಂದ ಚಪ್ಪರವನ್ನೇ ನೋಡುತ್ತಾ, “ಒಂದು ಎಳೇ ಹೀರೆಕಾಯಿ ಕಣೇ. ನಾನೇ ಹಾಕಿದ್ದು. ಅಂಗಡೀದು ಬೇಡ. ಅಷ್ಟೇ ನಂಗೆ ಬೇಕಾಗಿರೋದು,” ಎಂದರು. ಆಗ ಕಾಯಿಗಳು ಗೇಣುದ್ದ ಇದ್ದವು, ಉಗುರು ತಾಗಿದರೆ ನೀರೂರುವಂತಿದ್ದವು. ನನ್ನ ಅರ್ಜಿ ಹಿಂದಿನ ದಿನವಷ್ಟೇ ಸ್ವೀಕೃತವಾಗಿತ್ತು.

ಮರುದಿನ ಇನ್ಸ್‌ಪೆಕ್ಟರು ಬಂದರು. ಕೊರಳಲ್ಲಿ ಸದಾ ದರ್ಜಿಯ ಟೇಪು ಇರುವುದರಿಂದ ಬೀದಿಯವರೆಲ್ಲ ಅವರನ್ನು ಟೇಪಪ್ಪ ಎನ್ನುತ್ತಾರೆ. ಅವರು ಸ್ಟೂಲು ಹತ್ತಿ ಒಂದೊಂದು ಕಾಯಿಯನ್ನೂ ಅಳೆದು, ಉದ್ದವನ್ನು ಚೀಟಿಯಲ್ಲಿ ಬರೆದು, ಚೀಟಿಯನ್ನು ತೊಟ್ಟಿಗೆ ಕಟ್ಟಿದರು.

“ಆಯ್ತಮ್ಮ. ಕೊಯ್ಲಿನ ಪರವಾನಗಿ ಬರೋವರೆಗೂ ಒಂದನ್ನೂ ಮುಟ್ಟೋ ಹಾಗಿಲ್ಲ. ನಿಯಮ ಏಳು. ಮುಟ್ಟಿದ್ರೆ ಸಾಕ್ಷ್ಯನಾಶ.”

“ಎಷ್ಟು ದಿನ ಆಗತ್ತೆ?”

“ಎಂಟೇ ದಿನ.”

“ಹೊಸದಾಗಿ ಬಿಡೋ ಕಾಯಿ ತಿನ್ನಬಹುದೇನಪ್ಪ?” ಕಿಟಕಿಯೊಳಗಿಂದ ಯಜಮಾನರ ದನಿ ಬಂತು.

“ಅವು ಅನಧಿಕೃತ ಸಾರ್. ಹೂವಲ್ಲೇ ಚಿವುಟಿಸಿಬಿಡಿ.”

ಅಂದಿನಿಂದ ಪ್ರತಿ ಸಂಜೆ ಹಳದಿ ಹೂಗಳು ಅರಳುತ್ತಿದ್ದಂತೆ ಸೊಸೆ ಹೋಗಿ ಚಿವುಟತೊಡಗಿದಳು. ಯಜಮಾನರು ಕಿಟಕಿಯ ಪರದೆ ಎಳೆದುಕೊಳ್ಳುತ್ತಿದ್ದರು.

ಹೇಳಿದಂತೆ ಎಂಟನೆಯ ದಿನ ಪರವಾನಗಿ ಬಂತು. ಕಚೇರಿಯ ಶಿಸ್ತನ್ನು ಮೆಚ್ಚಲೇಬೇಕು. ಸೊಸೆ ಒಲೆಯ ಮೇಲೆ ಬಾಣಲೆ ಇಟ್ಟಳು. ಟೇಪಪ್ಪ ಒಂದನೇ ಕಾಯಿಗೆ ಟೇಪು ಹಿಡಿದು, ಆದೇಶ ನೋಡಿ, ಮತ್ತೆ ಟೇಪು ಹಿಡಿದರು.

“ಅಮ್ಮ, ಆದೇಶದಲ್ಲಿ ಇಪ್ಪತ್ತೆರಡು ಸೆಂಟಿಮೀಟರ್ ಇದೆ. ಇದು ಮೂವತ್ತೊಂದು. ಇದು ಬೇರೆ ಕಾಯಿ.”

“ಅದೇ ಕಾಯಿ. ಬೆಳೆದಿದೆ.”

“ಯಾರ ಅನುಮತಿ ತಗೊಂಡು?”

ಪ್ರಶ್ನೆ ನ್ಯಾಯವಾದದ್ದೇ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಉತ್ತರವಿಲ್ಲ. ನಮೂನೆ ಹನ್ನೊಂದರಲ್ಲಿ ಉದ್ದದ ತಿದ್ದುಪಡಿಗೆ ಅರ್ಜಿ ಕೊಟ್ಟೆ. ಎಂಟು ದಿನಕ್ಕೆ ತಿದ್ದಿದ ಆದೇಶ ಬಂದಾಗ ಕಾಯಿ ಮೂವತ್ತೊಂಬತ್ತಾಗಿತ್ತು.

ಆದರೆ ನಾನು ಕೈಕಟ್ಟಿ ಕೂತಿರಲಿಲ್ಲ. ದಿನಾ ಬೆಳಗ್ಗೆ ಆರಕ್ಕೆ ಹತ್ತೊಂಬತ್ತನ್ನೂ ಅಳೆದು, ಚೌಕುಳಿ ಹಾಳೆಯಲ್ಲಿ ನಕ್ಷೆ ಬರೆದು, ಮುಂದಿನ ಆದೇಶ ಬರುವ ದಿನ ಪ್ರತಿ ಕಾಯಿಯೂ ಎಷ್ಟು ಉದ್ದವಿರುತ್ತದೆ ಎಂದು ಲೆಕ್ಕ ಹಾಕಿಟ್ಟಿದ್ದೆ.

“ಇದನ್ನೇ ಆದೇಶದಲ್ಲಿ ಬರ್ಕೊಳ್ಳಿ,” ಎಂದೆ.

ಟೇಪಪ್ಪ ನಕ್ಷೆಯನ್ನು ಗೌರವದಿಂದ ನೋಡಿದರು. “ಚೆನ್ನಾಗಿದೆ ಅಮ್ಮ. ಆದ್ರೆ ಇನ್ನೂ ಹುಟ್ಟದ ಉದ್ದಕ್ಕೆ ನಾನು ರುಜು ಹಾಕಿದ್ರೆ ಕೆಲಸ ಹೋಗತ್ತೆ. ಒಂದು ಕೆಲಸ ಮಾಡಿ. ಬೆಳೆಯೋದನ್ನ ನಿಲ್ಲಿಸಿ.”

ಆ ಮಧ್ಯಾಹ್ನ ಯಜಮಾನರು ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು. “ಒಂದನ್ನ ಕಿತ್ಕೊಂಡು ಬಾರೇ. ಅಳಿಲು ತಿಂತು ಅಂತ ಬರಿ.”

“ಅಳಿಲು ತಿಂದಿಲ್ಲವಲ್ಲ.”

“ನಾನೇ ಅಳಿಲು ಅಂದ್ಕೋ.”

“ಮೂವತ್ತೆಂಟು ವರ್ಷದ ಪುಸ್ತಕ ರೀ ಅದು.”

“ಹಾಗಾದ್ರೆ ಮಾವನಿಗೆ ಆ ಪುಸ್ತಕವನ್ನೇ ಬೇಯಿಸಿ ಹಾಕ್ಲಾ?” ಬಾಗಿಲಲ್ಲಿ ನಿಂತಿದ್ದ ಸೊಸೆ ಕೇಳಿದಳು. ಅಂಥ ಮಾತುಗಳನ್ನು ದಾಖಲಿಸಲು ನನ್ನ ಪುಸ್ತಕದಲ್ಲಿ ಕಲಂ ಇಲ್ಲ.

ಮೂರನೆಯ ತಿದ್ದುಪಡಿಯ ಹೊತ್ತಿಗೆ ಕಾಯಿಗಳು ನಲವತ್ತೈದಾಗಿ ನಿಂತವು. ಬಲಿತವು. ಹಸಿರು ಹೋಗಿ ಕಂದಾದವು. ಎಲೆಗಳು ಉದುರಿ, ಬಳ್ಳಿ ಹಗ್ಗದಂತಾಗಿ, ಗಾಳಿ ಬೀಸಿದರೆ ಹತ್ತೊಂಬತ್ತೂ ಕಾಯಿಗಳೊಳಗೆ ಬೀಜ ಗಲಗಲ ಎನ್ನುತ್ತಿತ್ತು. ನಾಲ್ಕನೆಯ ಆದೇಶ ಬಂದ ದಿನ ಟೇಪಪ್ಪ ಅಳೆದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

“ನೋಡಿ ಅಮ್ಮ, ತಾಳ್ಮೆ ಇದ್ರೆ ಎಲ್ಲಾ ಸರಿಹೋಗತ್ತೆ!” ಎಂದರು. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು.

ಇನ್ನೊಂದೇ ಕಲಂ ಬಾಕಿ ಇತ್ತು. ಅರ್ಜಿಯಲ್ಲಿ ‘ಬಳಕೆ’ ಎಂಬಲ್ಲಿ ನಾನೇ, ನನ್ನ ದುಂಡಕ್ಷರದಲ್ಲಿ, ‘ಎಳೆಯ ತರಕಾರಿ’ ಎಂದು ಬರೆದಿದ್ದೆ. ಆ ಪ್ರಕಾರ ಬಳಕೆಯಾಯಿತೆಂದು ಅಧಿಕಾರಿಯ ಸಮ್ಮುಖದಲ್ಲಿ ಸಾಬೀತಾಗಬೇಕು. ಇಲ್ಲವಾದರೆ ಅರ್ಜಿ ಸುಳ್ಳು. ಅರ್ಜಿಯ ಜೊತೆ ನಕಲು ಲಗತ್ತಿಸಿದ್ದ ನನ್ನ ಪುಸ್ತಕವೂ ಸುಳ್ಳು ಎಂದು ಷರಾ ಬೀಳುತ್ತದೆ.

ಸೊಸೆ ಒಂದು ಕಾಯಿಯನ್ನು ಗರಗಸದಿಂದ ಕೊಯ್ದಳು. ಕುಕ್ಕರು ಹದಿನೇಳು ಸಲ ಕೂಗಿತು. ಯಜಮಾನರು ಊಟದ ಮೇಜಿಗೆ ಬಂದು ಕೂತು, ತಟ್ಟೆಯಲ್ಲಿದ್ದ ಮೈತಿಕ್ಕುವ ನಾರನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಪುಸ್ತಕವನ್ನು ಎದೆಗವಚಿಕೊಂಡು ನಿಂತಿದ್ದೆ. ಅವರು ಒಂದು ತುಂಡು ಬಾಯಿಗಿಟ್ಟು ಬಹಳ ಹೊತ್ತು ಅಗಿದರು.

“ಹೇಗಿದೆ ಸಾರ್?”

“ಎಳೇದು,” ಎಂದರು ಯಜಮಾನರು. “ಬರ್ಕೊಳ್ಳಿ.”

ಟೇಪಪ್ಪ ಬರೆದುಕೊಂಡರು. ನಾನೂ ಬರೆದುಕೊಂಡೆ. ಸಾಕ್ಷಿಯ ಜಾಗದಲ್ಲಿ ಸೊಸೆ ರುಜು ಹಾಕಿ, “ಇನ್ನೊಂಚೂರು ಬಡಿಸ್ಲಾ ಮಾವ?” ಎಂದಳು. ಅವರು ಅಗಿಯುತ್ತಲೇ ತಲೆಯಾಡಿಸಿದರು.

ಫಲಕ ಗೇಟಿಗೆ ಬಂತು. ಅದನ್ನು ಕಂಡು ಬೀದಿಯವರೆಲ್ಲ ತಮ್ಮ ತಮ್ಮ ಬಳ್ಳಿಗಳನ್ನು ನೋಂದಾಯಿಸಿದ್ದಾರೆ. ಈಗ ಯಾರ ಹಿತ್ತಿಲ ಕಡೆ ಹೋದರೂ ಹಿತವಾದ ಗಲಗಲ ಸದ್ದು ಕೇಳುತ್ತದೆ. ನಮ್ಮ ಪಾಲಿಗೆ ಉಳಿದ ಹದಿನೆಂಟು ಕಾಯಿಗಳನ್ನು ಯಜಮಾನರು ಒಂದೂ ಬಿಡದೆ ತಿಂದು ಮುಗಿಸಿದರು.

ಮೊನ್ನೆ ತರಕಾರಿ ಗಾಡಿಯವಳು ಗೇಟಿನ ಮುಂದೆ ನಿಂತು, “ನೋಡಿ ಯಜಮಾನ್ರೇ, ಬೆಳಗ್ಗೆ ಕಿತ್ತಿದ್ದು,” ಎಂದು ಗೇಣುದ್ದದ ಹಸಿರು ಹೀರೆಕಾಯಿಯೊಂದನ್ನು ಅವರ ಕೈಗಿಟ್ಟಳು. ಅವರು ಅದನ್ನು ಕಿವಿಯ ಬಳಿ ಹಿಡಿದು ಎರಡು ಸಲ ಅಲ್ಲಾಡಿಸಿದರು. ಯಾವ ಸದ್ದೂ ಬರಲಿಲ್ಲ.

“ಬೇಡಮ್ಮ,” ಎಂದು ಮೆಲ್ಲಗೆ ವಾಪಸು ಕೊಟ್ಟರು. “ಇದಿನ್ನೂ ಎಳೇದಾಗಿಲ್ಲ.”