ಓನರ್ ಅಂಕಲ್ ಮತ್ತು ಕಾಲಿಂಗ್ ಬೆಲ್

ಬಾಡಿಗೆಗೆ ಇರುವವನ ಹಕ್ಕುಗಳೇನು ಎಂದು ಕೇಳಿ ನೋಡಿ, ಕ್ಯಾಲಿಫೋರ್ನಿಯಾದ ಕಾನೂನನ್ನು ನಿಮ್ಮ ಕಾಫಿ ಆರುವುದರೊಳಗೆ ಒಪ್ಪಿಸಿಬಿಡುತ್ತೇನೆ. ಸರ್ಕಾರದ ವೆಬ್‌ಸೈಟನ್ನು ಅಷ್ಟು ಭಕ್ತಿಯಿಂದ ಓದಿದ್ದೇನೆ. ತುರ್ತು ಇಲ್ಲದಿದ್ದರೆ ಮಾಲೀಕರು ಒಂದು ದಿನ ಮೊದಲೇ ಬರಹದಲ್ಲಿ ತಿಳಿಸಿಯೇ ಮನೆಯೊಳಗೆ ಬರಬೇಕು, ಅದೂ ರಿಪೇರಿಯಂಥ ಸರಿಯಾದ ಕಾರಣಕ್ಕೆ. ಆದರೆ ಮಾಲೀಕರು ಅಂಕಲ್ ಆಗಿಬಿಟ್ಟರೆ ಏನು ಮಾಡಬೇಕೆಂದು ಆ ವೆಬ್‌ಸೈಟಿನಲ್ಲಿ ಎಲ್ಲಿಯೂ ಬರೆದಿಲ್ಲ.

ನಮ್ಮ ಮನೆ ಇರುವುದು ಅದೇ ಕ್ಯಾಲಿಫೋರ್ನಿಯಾದ ರ್ಯಾಂಚೊ ಪೆನಾಸ್ಕಿಟೋಸ್ ಎಂಬ ಬಡಾವಣೆಯಲ್ಲಿ. ಮಾಲೀಕರು ಉಡುಪಿ ಕಡೆಯ ಶ್ರೀಧರ ಅಂಕಲ್, ರಿಟೈರ್ ಆಗಿ ಎರಡು ಬೀದಿ ಆಚೆ ಇದ್ದಾರೆ. ಮೊದಲ ದಿನ ಕೀ ಕೊಡುತ್ತಾ "ನಿಮ್ಮದೇ ಮನೆ ಅಂತ ತಿಳ್ಕೊಳ್ಳಿ ಮಾರಾಯ್ರೆ" ಎಂದಿದ್ದರು. ಅದು ತಮ್ಮದೂ ಮನೆ ಎಂಬುದನ್ನು ಅವರು ಒಂದು ದಿನವೂ ಮರೆತವರಲ್ಲ. ಹಿತ್ತಲಲ್ಲಿ ಅವರು ನೆಟ್ಟ ಕರಿಬೇವಿನ ಗಿಡವಿದೆ. ಹೊರಗಿನಿಂದ ಹಿತ್ತಲಿಗೆ ಹೋಗುವ ಪಕ್ಕದ ಗೇಟು ಕೆಟ್ಟು ಕೂತಿದೆ, ಅದನ್ನು ರಿಪೇರಿ ಮಾಡಿಸಬೇಕಾದವರೂ ಅವರೇ. ಹಾಗಾಗಿ ದಿನಾ ತಮ್ಮ ಕೀಯಿಂದ ಮುಂಬಾಗಿಲು ತೆಗೆದು, ಹಾಲ್, ಅಡುಗೆಮನೆ ಎಲ್ಲ ದಾಟಿ, ಗಿಡಕ್ಕೆ ನೀರು ಹಾಕಿ ಹೋಗುತ್ತಿದ್ದರು. ನನ್ನ ಆಫೀಸಿನ ವಿಡಿಯೋ ಮೀಟಿಂಗುಗಳಲ್ಲಿ ಹಿಂದೆ ಹಾದುಹೋಗುವ ಅವರನ್ನು ನಮ್ಮ ಮ್ಯಾನೇಜರ್ ನನ್ನ ತಂದೆ ಎಂದುಕೊಂಡು ಆರೋಗ್ಯ ವಿಚಾರಿಸತೊಡಗಿದ್ದ. ನಾನೂ ಚೆನ್ನಾಗಿದ್ದಾರೆ ಎನ್ನುತ್ತಿದ್ದೆ.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಒಂದು ಬೆಳಿಗ್ಗೆ ನನ್ನ ಹೆಂಡತಿ ವೀಣಾ ತಲೆಗೆ ಟವೆಲ್ ಸುತ್ತಿಕೊಂಡು ಸ್ನಾನದಿಂದ ಬಂದರೆ, ಅಂಕಲ್ ಸ್ಟವ್ ಮುಂದೆ ನಿಂತಿದ್ದರು. "ಹಾಲು ಉಕ್ಕುದರಲ್ಲಿತ್ತು, ಆಫ್ ಮಾಡಿದೆ" ಎಂದರಂತೆ. ಅವರು ಹೋದ ಮೇಲೆ ವೀಣಾ ನನ್ನ ಮುಂದೆ ಬಂದು ನಿಂತಳು. "ನೋಡಿ, ಈ ವಾರದಲ್ಲಿ ನೀವು ಹೇಳ್ತೀರೋ, ಇಲ್ಲಾ ನಾನು ಮಗಳನ್ನ ಕರ್ಕೊಂಡು ಗ್ಲೆಂಡೇಲ್‌ಗೆ ಅಕ್ಕನ ಮನೆಗೆ ಹೋಗ್ಲೋ? ನನ್ನ ಮನೇಲಿ ನಾನೇ ಬಾಗಿಲ ಹಿಂದೆ ಅವಿತ್ಕೊಂಡು ಓಡಾಡ್ಬೇಕಾ?" ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಹನ್ನೆರಡು ವರ್ಷದ ಮಗಳು ಸಿರಿಯಲ್ ತಿನ್ನುತ್ತಲೇ "ಜಸ್ಟ್ ಟೆಲ್ ಹಿಮ್, ಅಪ್ಪ" ಎಂದಳು. ಇಲ್ಲಿ ಹುಟ್ಟಿದವರಿಗೆ ಎಲ್ಲವೂ ಸುಲಭ.

ಆ ಸಂಜೆಯೇ ಅಂಕಲ್ ಮನೆಗೆ ಹೋದೆ. ದಾರಿಯುದ್ದಕ್ಕೂ ಕಾನೂನಿನ ಸಾಲುಗಳನ್ನು ಹೇಳಿಕೊಳ್ಳುತ್ತಾ ಹೋದವನಿಗೆ ಆಂಟಿ ಬಿಸಿಬಿಸಿ ಗೋಳಿಬಜೆ ತಂದಿಟ್ಟರು. ಬಾಯಲ್ಲಿ ಗೋಳಿಬಜೆ ಇಟ್ಟುಕೊಂಡು ಹಕ್ಕಿನ ಮಾತಾಡುವುದು ಹೇಗೆ? ಬೆಂಗಳೂರಿನ ಟ್ರಾಫಿಕ್ಕು, ಟೊರ್ರಿ ಪೈನ್ಸ್ ಬೀಚಿನ ಗಾಳಿ, ಎಲ್ಲ ಸುತ್ತಿಬಂದು ಕೊನೆಗೆ ಹೇಗೋ ಮಾತನ್ನು ಉಗುಳಿದೆ. "ಅಂಕಲ್, ಬೇಜಾರು ಮಾಡ್ಕೋಬೇಡಿ. ಬರೋ ಹಿಂದಿನ ದಿನ ಒಂದು ಮೆಸೇಜ್ ಹಾಕಿ, ಬಂದಾಗ ಬೆಲ್ ಮಾಡಿದ್ರೆ... ಇಲ್ಲಿನ ರೂಲ್ಸು ಹಾಗಿದೆಯಂತೆ."

ಅಂಕಲ್ ಕೈಯಲ್ಲಿದ್ದ ಗೋಳಿಬಜೆಯನ್ನು ತಟ್ಟೆಗೆ ವಾಪಸ್ ಇಟ್ಟರು. ಮನೆ ಖಾಲಿ ಮಾಡಿಸುತ್ತಾರೆ ಎಂದೇ ನಾನು ಅಂದುಕೊಂಡೆ. ಆಮೇಲೆ ಅವರು "ಛೆ, ವೀಣಂಗೆ ಕಷ್ಟ ಆಯ್ತಾ? ನಂಗೆ ಅದು ಹೊಳೀಲೇ ಇಲ್ಲ. ನೀವು ಮೊದಲೇ ಹೇಳೂದಲ್ವಾ ಮಾರಾಯ್ರೆ" ಎಂದರು. ನಾನು ಹಗುರಾಗಿ ಮನೆಗೆ ಬಂದೆ.

ಶುಕ್ರವಾರ ಬೆಳಿಗ್ಗೆ ಮೆಸೇಜ್ ಬಂತು: "ನಾಳೆ ಹತ್ತಕ್ಕೆ ಬರ್ತೇನೆ." ಕಾನೂನು ಗೆದ್ದಿತೆಂದು ನಾನು ಫೋನ್ ತೋರಿಸಿದೆ. ವೀಣಾ ಹೌಹಾರಿದಳು. "ನಾಳೆನಾ? ಹೇಳಿ ಬರ್ತಿರೋರ ಮುಂದೆ ಮನೆ ಹೀಗಿದ್ರೆ ಏನಂದ್ಕೋತಾರೆ?" ಸೋಫಾದ ಮೇಲಿನ ಬಟ್ಟೆಯ ಗುಡ್ಡ ಕರಗಿತು, ನಾನು ಬಾತ್‌ರೂಮ್ ತಿಕ್ಕಿದೆ, ಮಗಳು ವ್ಯಾಕ್ಯೂಮ್ ಮಾಡಿದಳು. ಬರೀ ಉಪ್ಪಿಟ್ಟು ಚೆನ್ನಾಗಿರುವುದಿಲ್ಲ ಎಂದು ಕೇಸರಿಬಾತೂ ಆಯಿತು. ಮೊದಲೆಲ್ಲ ಐದು ನಿಮಿಷದಲ್ಲಿ ಹೊರಟುಹೋಗುತ್ತಿದ್ದ ಅಂಕಲ್ ಶನಿವಾರ ಬೆಲ್ ಮಾಡಿ, ಇಸ್ತ್ರಿ ಮಾಡಿದ ಶರ್ಟಿನಲ್ಲಿ ಬಂದು, ಊಟ ಮುಗಿಸಿಕೊಂಡೇ ಎದ್ದರು.

"ನಿಮ್ಮ ಈ ಕಾನೂನು ಒಳ್ಳೇದುಂಟು. ಇಷ್ಟು ದಿನ ಸುಮ್ಮನೆ ಬಂದು ಹೋಗ್ತಿದ್ದೆ ನೋಡಿ. ಮುಂದಿನ ಶನಿವಾರ ಆಂಟಿಯನ್ನೂ ಕರ್ಕೊಂಡು ಬರ್ತೇನೆ, ನೋಟಿಸ್ ಕೊಟ್ಟೇ" ಎಂದು ನನ್ನ ಬೆನ್ನು ತಟ್ಟಿ ಹೋದರು.

ಈಗ ಮತ್ತೆ ಆ ವೆಬ್‌ಸೈಟ್ ತೆರೆದು ಕೂತಿದ್ದೇನೆ. ದಯವಿಟ್ಟು ಹೇಳದೆಯೇ ಬನ್ನಿ ಎಂದು ಮಾಲೀಕರಿಗೆ ಬರೆದುಕೊಡುವ ಹಕ್ಕು ಬಾಡಿಗೆದಾರನಿಗೆ ಇದೆಯೇ ಎಂದು ಹುಡುಕುತ್ತಿದ್ದೇನೆ. ವೀಣಾಳನ್ನು ಇನ್ನೂ ಕೇಳಿಲ್ಲ, ಕೇಳುವ ಧೈರ್ಯವಿಲ್ಲ.